ನಿಧಾನಕ್ಕೆ ಓಡಿ, ಇನ್ನೂ ನಿಧಾನಕ್ಕೆ

ಓಡಲು ಶುರು ಮಾಡಿದ ಎಷ್ಟೋ ಜನ ಒಂದೆರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಕೇಳಿದರೆ "ನನಗೆ ಶಿಸ್ತಿಲ್ಲ" ಅಂತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬೆಳಗ್ಗೆ ಬೇಗ ಎದ್ದು, ಶೂ ಕಟ್ಟಿಕೊಂಡು, ನಾಲ್ಕು ಜನ ನೋಡುತ್ತಾರೆ ಅನ್ನುವ ಮುಜುಗರವನ್ನೂ ಬದಿಗಿಟ್ಟು ರಸ್ತೆಗಿಳಿದವರಿಗೆ ಶಿಸ್ತಿಲ್ಲ ಅಂತ ಹೇಗೆ ಹೇಳುವುದು? ಅವರು ಬಿಟ್ಟಿದ್ದು ಬೇರೆ ಕಾರಣಕ್ಕೆ. ಪ್ರತಿ ಸಲವೂ ಅವರು ತಮ್ಮ ದೇಹಕ್ಕೆ ಆಗುವುದಕ್ಕಿಂತ ಜೋರಾಗಿ ಓಡುತ್ತಿದ್ದರು. ಹಾಗಾಗಿ ಅವರ ಪಾಲಿಗೆ ಓಟ ಅಂದರೆ ಏದುಸಿರು, ಕಣ್ಣು ಕತ್ತಲೆ, ಮರುದಿನ ಮೆಟ್ಟಿಲು ಇಳಿಯಲಾಗದ ನೋವು. ಇಂಥ ಹಿಂಸೆಯನ್ನು ವಾರಕ್ಕೆ ಮೂರು ದಿನ ಯಾರಾದರೂ ಎಷ್ಟು ಕಾಲ ಸಹಿಸುತ್ತಾರೆ?

ನಾನು ಓಡಲು ಶುರು ಮಾಡಿ ಕೆಲವು ವರ್ಷಗಳಾದವು. ಈಗಲೂ ಓಡುತ್ತಿದ್ದೇನೆ, ಇಷ್ಟಪಟ್ಟೇ ಓಡುತ್ತಿದ್ದೇನೆ. ಹೊಸಬರು ಏನಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು: ನಿಧಾನಕ್ಕೆ ಓಡಿ. ಅವರು ಸರಿ ಅಂತಾರೆ. ಆಮೇಲೆ ಜೊತೆಗೆ ಓಡಿ ನೋಡಿದರೆ ಅವರ ನಿಧಾನವೂ ಜೋರೇ ಆಗಿರುತ್ತದೆ. ಆಗ ಮತ್ತೆ ಹೇಳಬೇಕು, ಇನ್ನೂ ನಿಧಾನಕ್ಕೆ.

ಎಷ್ಟು ನಿಧಾನ ಅಂದರೆ, ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ಒಬ್ಬರೇ ಓಡುತ್ತಿದ್ದರೆ ಸುಮ್ನೆ ಏನಾದರೊಂದು ವಾಕ್ಯ ಗಟ್ಟಿಯಾಗಿ ಹೇಳಿ ನೋಡಿ. ವಾಚಿನಲ್ಲಿ ಎದೆಬಡಿತ ನೋಡುವವರು 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಲೆಕ್ಕ ಹಾಕುತ್ತಾರೆ. ಆದರೆ ಅದು ತುಂಬ ಜನರ ಸರಾಸರಿ ಮಾತ್ರ. ಒಬ್ಬೊಬ್ಬರಿಗೆ ಅದು ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಇರುವುದು ಮಾಮೂಲಿ. ಹೊಸಬರಿಗೆ ಆ ಅಂಕಿಗಿಂತ ಮಾತಿನ ಪರೀಕ್ಷೆಯೇ ವಾಸಿ. ಅದಕ್ಕೆ ಯಾವ ಯಂತ್ರವೂ ಬೇಡ, ಅಲ್ವಾ?

ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಓಟದಲ್ಲಿ ಅತಿ ಕಷ್ಟ ಅನ್ನಿಸುವುದು ಶುರುವಿನ ಕೆಲವು ನಿಮಿಷಗಳೇ. ನೀವು ಓಡಲು ಶುರು ಮಾಡಿದ ತಕ್ಷಣ ಕಾಲಿನ ಮಾಂಸಖಂಡಗಳಿಗೆ ಜಾಸ್ತಿ ಆಮ್ಲಜನಕ ಬೇಕು. ಆದರೆ ಹೃದಯ, ಶ್ವಾಸಕೋಶ, ರಕ್ತನಾಳಗಳು ಆ ಮಟ್ಟಕ್ಕೆ ಬರಲು ಎರಡು ಮೂರು ನಿಮಿಷ ತಗೊಳ್ಳುತ್ತವೆ. ಆ ನಡುವಿನ ಕೊರತೆಯೇ ಕಾಲು ಭಾರ, ಉಸಿರು ಕಷ್ಟ ಅಂತ ನಮಗೆ ತಿಳಿಯುವುದು. ತುಂಬ ಜನ ಅಲ್ಲೇ ನಿಂತು "ನನ್ನ ಕೈಲಾಗಲ್ಲ" ಅಂದುಕೊಂಡು ವಾಪಸ್ ಹೋಗುತ್ತಾರೆ. ಮೊದಲು ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ ಓಟಕ್ಕೆ ಇಳಿದರೆ ಈ ಕಷ್ಟ ಬಹಳ ಕಡಿಮೆಯಾಗುತ್ತದೆ. ನಾನಂತೂ ಇಂದಿಗೂ ಮೊದಲ ಹತ್ತು ನಿಮಿಷ ಮುಗಿಯುವವರೆಗೆ ಆ ದಿನದ ಓಟ ಹೇಗಿದೆ ಅಂತ ತೀರ್ಮಾನ ಮಾಡುವುದೇ ಇಲ್ಲ.

ಈಗ ನಡಿಗೆಯ ಬಗ್ಗೆ. ಓಟದ ನಡುವೆ ನಡೆದರೆ ಸೋತಂತೆ ಅನ್ನುವ ಭಾವನೆ ಎಲ್ಲಿಂದ ಬಂತೋ ಗೊತ್ತಿಲ್ಲ, ಅದರಿಂದ ಹಾಳಾದ ಓಟಗಳಿಗೆ ಲೆಕ್ಕವಿಲ್ಲ. ಜೆಫ್ ಗ್ಯಾಲೋವೇ ಅನ್ನುವ ಅಮೆರಿಕದ ಓಟಗಾರ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಅಂಥವರೇ ಹೊಸಬರಿಗೆ ಓಡುವುದನ್ನು ಕಲಿಸುವಾಗ ಓಟದ ನಡುವೆ ನಡಿಗೆಯನ್ನು ಬೇಕೆಂದೇ ಸೇರಿಸಿದರು, ಸುಸ್ತಾಗುವ ಮೊದಲೇ ನಡೆಯಿರಿ ಅಂತ ಹೇಳಿಕೊಟ್ಟರು. ಸುಸ್ತಾದ ಮೇಲೆ ನಡೆಯುವುದಕ್ಕೂ ಸುಸ್ತಾಗುವ ಮೊದಲೇ ನಡೆಯುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಮಾಡಿ ನೋಡಿದರೇ ಗೊತ್ತಾಗುವುದು.

ನಾನು ಹಿಡಿದದ್ದು ಕೌಚ್ ಟು 5ಕೆ, ಅಂದರೆ ಸೋಫಾದಿಂದ ಎದ್ದು 5 ಕಿಲೋಮೀಟರ್ ಓಟದವರೆಗೆ, ಅನ್ನುವ ಕ್ರಮ. ಇದನ್ನು 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವವರು ತಮ್ಮ ತಾಯಿಗಾಗಿ ಮಾಡಿದ್ದು. ಆಕೆಗೆ ಆಗ ಐವತ್ತು ದಾಟಿತ್ತು. ಒಂಬತ್ತು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಆಚೀಚೆ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ, ಅಷ್ಟೇ. ನೋಡಿದರೆ ಇದೇನು ಇಷ್ಟು ಸುಲಭ ಅನ್ನಿಸುತ್ತದೆ, ಆ ಸುಲಭವೇ ಅದರ ಗಟ್ಟಿತನ. ಮೊದಲ ವಾರ ಮುಗಿದಾಗ ನಿಮಗೆ ಇನ್ನೂ ಸ್ವಲ್ಪ ಓಡಬಹುದಿತ್ತು ಅನ್ನಿಸಬೇಕು. ಆ ಆಸೆ ಉಳಿದರೆ ಮುಂದಿನ ಸಲ ಹೊರಗೆ ಹೋಗಲು ಬೇರೆ ಒತ್ತಾಯ ಬೇಡ. ಈ ಕ್ರಮದಲ್ಲಿ ಎಲ್ಲರೂ ಹೆದರುವುದು ಐದನೇ ವಾರದ ಮೂರನೇ ದಿನಕ್ಕೆ. ಅದೇ ವಾರ ಎಂಟು ನಿಮಿಷಕ್ಕೊಮ್ಮೆ ನಡೆದವರು ಅವತ್ತು ಒಂದೇ ಸಮನೆ 20 ನಿಮಿಷ ಓಡಬೇಕು. ಕಾಗದದ ಮೇಲೆ ನೋಡಿದರೆ ಭಯವಾಗುತ್ತದೆ. ಆದರೆ ವೇಗ ಇಳಿಸಿದರೆ ಅದು ಆಗುತ್ತದೆ, ಆದ ಮೇಲೆ ಬರುವ ಖುಷಿಯೇ ಬೇರೆ. ಆಗದಿದ್ದರೆ ಆ ವಾರವನ್ನೇ ಮತ್ತೊಮ್ಮೆ ಮಾಡಿ. ಒಂಬತ್ತು ವಾರದ ಕ್ರಮವನ್ನು ಹದಿನೈದು ವಾರದಲ್ಲಿ ಮುಗಿಸಿದರೆ ಯಾರಿಗೇನು ನಷ್ಟ?

ನನ್ನ ಅಕ್ಕ ನನಗಿಂತ ತಡವಾಗಿ ಶುರು ಮಾಡಿದಳು. ಮೊದಲ ವಾರಗಳಲ್ಲಿ ನಾನು ಅವಳ ಪಕ್ಕದಲ್ಲೇ ಓಡುತ್ತಿದ್ದೆ.

"ಅಕ್ಕ, ಏನಾದರೂ ಹೇಳು."

"ಹೇಳೋಕೆ... ಉಸಿರೇ... ಇಲ್ಲ ಕಣೇ."

"ಹಾಗಾದರೆ ನಡಿ."

"ಇನ್ನೂ ನಿಮಿಷ ಆಗಿಲ್ಲ."

"ಆಗದಿದ್ದರೆ ಏನಂತೆ? ನಡಿ, ಆಮೇಲೆ ಓಡೋಣ."

ಅವಳಿಗೆ ಮೊದಮೊದಲು ಇದು ಇಷ್ಟವಾಗಲಿಲ್ಲ. ನನಗೋಸ್ಕರ ನೀನು ಯಾಕೆ ನಿಧಾನ ಮಾಡಬೇಕು ಅಂತ ಕೇಳುತ್ತಿದ್ದಳು. ನನಗೆ ಆ ವೇಗದಲ್ಲಿ ಓಡುವುದು ನಿಜವಾಗಿಯೂ ಖುಷಿಯಾಗಿತ್ತು. ಹೊಸಬರ ಪಕ್ಕದಲ್ಲಿ ನಿಧಾನಕ್ಕೆ ಓಡುವ ಒಬ್ಬರಿದ್ದರೆ ಅರ್ಧ ಕೆಲಸ ಆದ ಹಾಗೆ.

ಇದಕ್ಕೆ ಹೊಂದುವ ಒಂದು ಹಳೆಯ ಕಥೆ ನನಗೆ ತುಂಬ ಇಷ್ಟ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅನ್ನುವ ಕೋಚ್ ಇದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಒಂದೇ ದಿನ ಚಿನ್ನ ಗೆದ್ದರು. ಅದೇ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನ ಸಾಮಾನ್ಯ ಜನರನ್ನು, ಹೃದಯದ ತೊಂದರೆ ಇದ್ದವರನ್ನೂ ಸೇರಿಸಿಕೊಂಡು, ನಿಧಾನಕ್ಕೆ ಓಡಿಸಲು ಶುರು ಮಾಡಿದರು. ಅಮೆರಿಕದ ಒರೆಗಾನಿನ ಕೋಚ್ ಬಿಲ್ ಬೋವರ್ಮನ್ ಅಲ್ಲಿಗೆ ಹೋಗಿ ಒಂದು ದಿನ ಅವರ ಜೊತೆ ಓಡಿದರು. ಮುಂದೆ ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ. ಆಗ ಅವರಿಗೆ ಐವತ್ತು ದಾಟಿತ್ತು, ಎಷ್ಟೋ ಓಟಗಾರರನ್ನು ತಯಾರು ಮಾಡಿದವರು, ಆದರೂ ಸ್ವಲ್ಪ ದೂರದಲ್ಲೇ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತದಿಂದ ಚೇತರಿಸಿಕೊಂಡಿದ್ದ ಹಿರಿಯರೊಬ್ಬರು ತಮ್ಮ ವೇಗ ಇಳಿಸಿ ಅವರ ಜೊತೆಗೇ ಬಂದರು. ಬೋವರ್ಮನ್ ಊರಿಗೆ ವಾಪಸಾಗಿ ಅಲ್ಲೂ ಜನರನ್ನು ಸೇರಿಸಿ ಓಡಿಸಲು ಶುರು ಮಾಡಿದರು. ಅಮೆರಿಕದಲ್ಲಿ ಜಾಗಿಂಗ್ ಹಬ್ಬಲು ಇದೂ ಒಂದು ದೊಡ್ಡ ಕಾರಣ.

ಮೊದಲ ತಿಂಗಳು ದಾಟಿದವರಿಗೆ ನಾನು ಜಾಸ್ತಿ ಹೇಳಬೇಕು ಅಂದುಕೊಂಡಿರುವುದು ಈಗ ಬರುತ್ತದೆ. ಎರಡನೇ, ಮೂರನೇ ತಿಂಗಳು ನಿಜವಾಗಿ ಎಚ್ಚರದಿಂದ ಇರಬೇಕಾದ ಕಾಲ. ಯಾಕೆಂದರೆ ದೇಹದ ಎಲ್ಲಾ ಭಾಗವೂ ಒಂದೇ ಸಮಯಕ್ಕೆ ಗಟ್ಟಿಯಾಗುವುದಿಲ್ಲ. ಓಡಲು ಶುರು ಮಾಡಿದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಕಳಿಸುತ್ತದೆ. ಕೆಲವು ವಾರಗಳಲ್ಲಿ ಮಾಂಸಖಂಡದೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಹಾಗಾಗಿ ಉಸಿರು ಬೇಗ ಸುಲಭವಾಗುತ್ತದೆ. ಆದರೆ ಎಲುಬು ಮತ್ತು ಮಾಂಸಖಂಡವನ್ನು ಎಲುಬಿಗೆ ಕಟ್ಟಿಡುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಎಲುಬಿನ ವಿಷಯವಂತೂ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿಸುವುದು ಬೇಗ, ಕಟ್ಟುವುದು ನಿಧಾನ. ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಅಂದರೆ ನಿಮಗೆ "ಅಬ್ಬಾ, ಈಗ ಎಷ್ಟು ದೂರ ಬೇಕಾದರೂ ಓಡಬಲ್ಲೆ" ಅನ್ನಿಸುವ ಹೊತ್ತಿಗೆ ಸರಿಯಾಗಿ ಕಾಲಿನ ಎಲುಬು ಅರ್ಧ ಕಟ್ಟಿದ ಮನೆಯ ಹಾಗೆ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. 5 ಕಿಲೋಮೀಟರ್ ನಿಧಾನಕ್ಕೆ ಓಡಿದರೆ 5 ಸಾವಿರಕ್ಕೂ ಜಾಸ್ತಿ ಹೆಜ್ಜೆ. ಅರ್ಧ ಕಟ್ಟಿದ್ದು ಅದನ್ನೆಲ್ಲ ತಡೆದುಕೊಳ್ಳಬೇಕು.

ಕಣಕಾಲಿನ ಒಳಬದಿಯಲ್ಲಿ, ಎಲುಬಿನ ಉದ್ದಕ್ಕೂ ಬರುವ ನೋವು ಹೊಸಬರಿಗೆ ಸಾಮಾನ್ಯ. ಬೆರಳಿಂದ ಒತ್ತಿದರೆ ಅಂಗೈಯಷ್ಟು ಉದ್ದಕ್ಕೆ ನೋವು ಹರಡಿದ್ದರೆ ಕೆಲವು ದಿನ ಓಟ ನಿಲ್ಲಿಸಿ ನಡೆಯಿರಿ, ಅದು ಕಡಿಮೆಯಾದ ಮೇಲೆ ಸ್ವಲ್ಪದರಿಂದ ಮತ್ತೆ ಶುರು ಮಾಡಿ. ಒಂದೇ ಒಂದು ಬಿಂದುವಿನಲ್ಲಿ ಚುಚ್ಚುವಂತೆ ನೋವಿದ್ದು, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಡುತ್ತಿದ್ದರೆ ಎಲುಬು ಸೂಕ್ಷ್ಮವಾಗಿ ಬಿರುಕು ಬಿಟ್ಟಿರಬಹುದು. ಅದನ್ನು ಓಡಿ ಸರಿಮಾಡಲು ಆಗುವುದಿಲ್ಲ, ಡಾಕ್ಟರಿಗೆ ತೋರಿಸಲೇಬೇಕು. ಎದೆನೋವು, ತಲೆಸುತ್ತು ಬಂದರೂ ಅಷ್ಟೇ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಬಿಪಿ ಇರುವವರು ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿ.

ವಾರಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ದೂರ ಏರಿಸಬೇಡಿ ಅನ್ನುವ ನಿಯಮವನ್ನು ಎಲ್ಲರೂ ಹೇಳುತ್ತಾರೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 500ಕ್ಕೂ ಜಾಸ್ತಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. 2008ರಲ್ಲಿ ಅದರ ಫಲಿತಾಂಶ ಬಂತು. ನಿಯಮದಂತೆ ನಿಧಾನವಾಗಿ ಏರಿಸಿದವರಿಗೂ ಬೇಗ ಏರಿಸಿದವರಿಗೂ ಗಾಯದ ಪ್ರಮಾಣ ಹೆಚ್ಚುಕಡಿಮೆ ಒಂದೇ, ಐವರಲ್ಲಿ ಒಬ್ಬರಿಗೆ. ಹಾಗಂತ ಮನಸ್ಸಿಗೆ ಬಂದಷ್ಟು ಓಡಿ ಅಂತಲ್ಲ. ಒಂದು ಅಂಕಿಯನ್ನು ನಂಬಿ ನಿಮ್ಮ ಕಾಲು ಹೇಳುವುದನ್ನು ಕೇಳದೆ ಇರಬೇಡಿ ಅಂತ ನನ್ನ ಮಾತು. ಎರಡು ಓಟಗಳ ನಡುವೆ ಕನಿಷ್ಠ ಒಂದು ದಿನ ಬಿಡಿ. ಆ ಬಿಡುವಿನಲ್ಲೇ ದೇಹ ತನ್ನನ್ನು ತಾನು ಕಟ್ಟಿಕೊಳ್ಳುವುದು.

ಶೂ ಬಗ್ಗೆ ಕೇಳುವವರು ಬಹಳ, ಹೇಳಲು ಇರುವುದು ಸ್ವಲ್ಪ. ಹಾಕಿಕೊಂಡ ತಕ್ಷಣ ಹಿತವಾಗಿರಬೇಕು, ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು, ಹಿಮ್ಮಡಿ ಜಾರಬಾರದು. ಸಾಕು.

ಬಿಡದೆ ಓಡುವುದು ಹೇಗೆ ಅನ್ನುವ ಪ್ರಶ್ನೆಗೆ 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ಹೇಳುವವರಿದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಇದನ್ನು ಅಳೆದು ನೋಡಿದ್ದಾರೆ. ಹೊಸ ಕೆಲಸವೊಂದು ಯೋಚಿಸದೆ ತಾನಾಗಿ ಆಗುವಂತಾಗಲು ಸುಮಾರು 66 ದಿನ ಬೇಕಾಯಿತು, ಒಬ್ಬೊಬ್ಬರ ಲೆಕ್ಕ 18ರಿಂದ 254 ದಿನದವರೆಗೂ ಇತ್ತು. ನನಗೆ ಧೈರ್ಯ ಕೊಟ್ಟದ್ದು ಅದರ ಇನ್ನೊಂದು ಅಂಶ: ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ದೊಡ್ಡ ಅಡ್ಡಿಯೇನೂ ಆಗಲಿಲ್ಲ. ಆದ್ದರಿಂದ ಮಳೆ ಬಂತು, ಮಗುವಿಗೆ ಹುಷಾರಿಲ್ಲ, ಕೆಲಸ ಮುಗಿಯಲಿಲ್ಲ ಅಂತ ಒಂದು ದಿನ ತಪ್ಪಿದರೆ ಎಲ್ಲಾ ಹೋಯಿತು ಅಂದುಕೊಳ್ಳಬೇಡಿ. ಮುಂದಿನ ಸರದಿಗೆ ಹೋಗಿ, ಅಷ್ಟೇ. ತಪ್ಪಿದ್ದನ್ನು ತುಂಬಿಸಲು ಎರಡರಷ್ಟು ಓಡುವುದಂತೂ ಬೇಡವೇ ಬೇಡ.

ಓಡುವ ಹೊತ್ತನ್ನು ದಿನದ ಬೇರೊಂದು ಕೆಲಸಕ್ಕೆ ಅಂಟಿಸಿಕೊಂಡರೆ ಸುಲಭ. ಹಲ್ಲುಜ್ಜಿದ ಮೇಲೆ ಅಥವಾ ಕೆಲಸದಿಂದ ಬಂದ ತಕ್ಷಣ, ಯಾವುದಾದರೂ ಸರಿ, ಆದರೆ ಅದೇ ಇರಲಿ. ದೂರದ ಬದಲು ಸಮಯದ ಲೆಕ್ಕ ಇಟ್ಟುಕೊಳ್ಳಿ. "ಇವತ್ತು 3 ಕಿಲೋಮೀಟರ್" ಅಂದರೆ ಬೇಗ ಮುಗಿಸುವ ಆತುರ ಬರುತ್ತದೆ, "ಇವತ್ತು 20 ನಿಮಿಷ" ಅಂದರೆ ಆತುರಪಟ್ಟು ಏನೂ ಸಿಗುವುದಿಲ್ಲ. ಆ್ಯಪ್‌ಗಳಲ್ಲಿ ಬೇರೆಯವರ ವೇಗ ಕಾಣುವುದನ್ನು ಮೊದಲ ಕೆಲವು ತಿಂಗಳು ಮುಚ್ಚಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅದು ಕಂಡರೆ ಕಾಲು ತಾನಾಗಿ ಜೋರಾಗುತ್ತದೆ.

ಇನ್ನು, ಬಿಡುವು ಎಲ್ಲರಿಗೂ ಬರುತ್ತದೆ. ಜ್ವರ, ಪ್ರಯಾಣ, ಮನೆಯಲ್ಲಿ ಏನೋ ಒಂದು. ಜ್ವರ ಇರುವಾಗ ಓಡಲೇಬೇಡಿ, ಹೃದಯಕ್ಕೆ ಅದು ಒಳ್ಳೆಯದಲ್ಲ. ಒಂದು ವಾರ ಬಿಟ್ಟರೆ ಹೆಚ್ಚೇನೂ ಕಳೆದುಹೋಗುವುದಿಲ್ಲ. ಎರಡು ಮೂರು ವಾರ ದಾಟಿದರೆ ಉಸಿರಿನ ಶಕ್ತಿ ಕಡಿಮೆಯಾದದ್ದು ಗೊತ್ತಾಗುತ್ತದೆ. ಆಗ ಬಿಟ್ಟ ಜಾಗದಿಂದ ಶುರು ಮಾಡದೆ ಎರಡು ವಾರ ಹಿಂದಿನ ಹಂತಕ್ಕೆ ಹೋಗಿ, ನಡಿಗೆ ಸೇರಿಸಿಕೊಂಡು ಓಡಿ. ಅಕ್ಕ ಇತ್ತೀಚೆಗೆ ಕಾಯಿಲೆ ಬಿದ್ದು ಎದ್ದ ಮೇಲೆ ಹೀಗೇ ಮಾಡಿದಳು. ಈಗ ಅವಳು ಮತ್ತೆ ಒಂದೇ ಸಮನೆ ಅರ್ಧ ಗಂಟೆ ಓಡುತ್ತಾಳೆ, ಅರ್ಧ ಗಂಟೆಯೂ ಬಿಡದೆ ಮಾತಾಡುತ್ತಾಳೆ. ಇನ್ನೂ ದೂರ ಹೋಗೋಣವಾ ಅಂತ ಕೇಳಿದರೆ "ಇಷ್ಟೇ ಚೆನ್ನಾಗಿದೆ, ಇದೇ ಇರಲಿ" ಅಂದಳು. ಸದ್ಯಕ್ಕೆ ನಾವಿಬ್ಬರೂ ಅಷ್ಟೇ ಓಡುತ್ತಿದ್ದೇವೆ.