ಕೆಮ್ಮಣ್ಣಿನ ಮೇಲೆ ಅಕ್ಕಿಯ ಗೆರೆ

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಮಕ್ಕಳು ಕೇಳಿದರು. ನವರಾತ್ರಿ ರಜೆಗೆ ಮುಂಚಿನ ಶನಿವಾರಗಳಲ್ಲಿ ಹಳೇ ಕಟ್ಟಡದ ಜಗಲಿಯ ಮೇಲೆ ನಡೆಯುತ್ತಿದ್ದ ಚಿತ್ತಾರದ ತರಗತಿಯ ಬಗ್ಗೆ ಬರೆಯುವುದೇ ಸರಿ ಅನ್ನಿಸಿತು. ಆ ತರಗತಿ ಈಗಿಲ್ಲ. ಅಲ್ಲಿ ಹೇಳಿಕೊಟ್ಟದ್ದು ಮಾತ್ರ ಅಂದು ಕಲಿತವರ ಕೈಯಲ್ಲಿ ಇನ್ನೂ ಇದೆ. ಆದ್ದರಿಂದ ನೆನಪಿನ ಜೊತೆಗೆ ಮಾಡುವ ಬಗೆಯನ್ನೂ ಬರೆದಿಡುತ್ತಿದ್ದೇನೆ. ಈಗ ಆ ಬೆಂಚುಗಳ ಮೇಲೆ ಕೂತಿರುವವರಿಗೆ ಅದರಿಂದಲೇ ಹೆಚ್ಚು ಉಪಯೋಗ.

ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ: ಹಸೆ ಚಿತ್ತಾರ ನಮ್ಮ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೈಯಿಂದ ಕೈಗೆ ದಾಟಿಸಿಕೊಂಡು ಬಂದ ಕಲೆ. ಮದುವೆ ಮನೆಯಲ್ಲಿ ಮದುಮಕ್ಕಳನ್ನು ಹಸೆಗೆ ಕೂರಿಸುವ ಗೋಡೆಯ ಮೇಲೆ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಬರೆಯುತ್ತಾರೆ. ಬರೆಯುವವಳನ್ನು ಚಿತ್ತಾರಗಿತ್ತಿ ಎನ್ನುತ್ತಾರೆ. ಬಣ್ಣ ನಾಲ್ಕೇ: ಕೆಂಪು, ಬಿಳಿ, ಕಪ್ಪು, ಹಳದಿ. ನಾಲ್ಕೂ ಅಡುಗೆಮನೆ ಮತ್ತು ಹಿತ್ತಲಿನಿಂದ ಬರುವಂಥವು.

ನಮಗೆ ಕಲಿಸಲು ಬರುತ್ತಿದ್ದವರು ಪಕ್ಕದ ಹಳ್ಳಿಯ ಒಬ್ಬ ಅಜ್ಜಿ. ಮೇಷ್ಟ್ರುಗಳೂ ಅವರನ್ನು ಅಮ್ಮಾ ಎಂದೇ ಕರೆಯುತ್ತಿದ್ದರು. ಅವರು ಚಾಕ್‌ಪೀಸ್ ಮುಟ್ಟುತ್ತಿರಲಿಲ್ಲ, ಕರಿಹಲಗೆಯ ಮೇಲೆ ಏನನ್ನೂ ಬರೆದು ತೋರಿಸುತ್ತಿರಲಿಲ್ಲ. ಮಣ್ಣು ಕಲಸುವಲ್ಲಿಂದಲೇ ಪಾಠ ಶುರು.

ಕೆಮ್ಮಣ್ಣನ್ನು ಎರಡು ದಿನ ನೀರಿನಲ್ಲಿ ನೆನೆಸಬೇಕು. ಕೈಯಿಂದ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ, ತಿಳಿ ಮೇಲೆ ನಿಂತ ಮೇಲೆ ಆ ನೀರನ್ನು ಬಗ್ಗಿಸಿ, ತಳದ ನುಣ್ಣನೆ ಮಣ್ಣನ್ನು ಮಾತ್ರ ತೆಗೆದುಕೊಳ್ಳಬೇಕು. ಮಣ್ಣಿನ ಗೋಡೆಯಾದರೆ ಮೊದಲು ಸಗಣಿಯಿಂದ ಸಾರಿಸಿ, ಅದು ಒಣಗಿದ ಮೇಲೆ ಈ ಕೆಮ್ಮಣ್ಣನ್ನು ಬಟ್ಟೆ ಅದ್ದಿ ತೆಳ್ಳಗೆ ಎರಡು ಸಲ ಬಳಿಯುವುದು. ಒಂದೇ ಸಲ ದಪ್ಪಗೆ ಬಳಿದು ಮುಗಿಸಿಬಿಡೋಣ ಎಂದು ಹೊರಟರೆ ಮಣ್ಣು ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದೆ, ಮೇಲೆ ಬರೆದ ಗೆರೆಯೂ ಅದರೊಂದಿಗೆ ಹಕ್ಕಳೆಯೆದ್ದು ಬೀಳುತ್ತದೆ. ಮಣ್ಣು ಇನ್ನೂ ಹಸಿಯಿದ್ದಾಗ ಬರೆದರೆ ಅಕ್ಕಿಯ ಬಿಳಿ ಅದರೊಳಗೆ ಇಳಿದು ಗೆರೆಯ ಅಂಚು ಹರಡುತ್ತದೆ. ಅಂಗೈ ಒತ್ತಿ ತೆಗೆದಾಗ ತಂಪು ತಾಗಬಾರದು. ಅಲ್ಲಿಯವರೆಗೆ ಕಾಯಲೇಬೇಕು. ಮಲೆನಾಡಿನ ಮಳೆಗಾಲದ ಕೊನೆಯಲ್ಲಿ ಇದಕ್ಕೆ ಒಂದು ದಿನ ಸಾಕಾಗುವುದಿಲ್ಲ.

ಶಾಲೆಯ ಗೋಡೆ ಸಿಮೆಂಟಿನದು, ಮೇಲೆ ಡಿಸ್ಟೆಂಪರ್. ಕೆಮ್ಮಣ್ಣು ಅದಕ್ಕೆ ಕಚ್ಚಿಕೊಳ್ಳುವುದಿಲ್ಲ, ಏಕೆಂದರೆ ನುಣುಪಾದ, ನೀರು ಹೀರದ ಮೈಯಲ್ಲಿ ಮಣ್ಣಿಗೆ ಹಿಡಿತ ಸಿಗುವುದಿಲ್ಲ. ಹಾಗಾಗಿ ನಮ್ಮ ತರಗತಿ ನಡೆಯುತ್ತಿದ್ದದ್ದು ಎರಡಡಿಗೆ ಎರಡಡಿಯ ಪ್ಲೈವುಡ್ ಹಲಗೆಗಳ ಮೇಲೆ. ಹಲಗೆಯನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ಹಳೇ ಹತ್ತಿ ಬಟ್ಟೆಯನ್ನು ಗಂಜಿಯಿಂದ ಅಂಟಿಸಿ, ಅದರ ಮೇಲೆ ಸಗಣಿ, ಆಮೇಲೆ ಮಣ್ಣು. ಕೊನೆಯ ಮಣ್ಣಿನ ನೀರಿಗೆ ಸ್ವಲ್ಪ ಗೋಂದು ಕರಗಿಸಿ ಹಾಕಿದರೆ ಮುಟ್ಟಿದಾಗ ಬೆರಳಿಗೆ ಕೆಂಪು ಅಂಟುವುದಿಲ್ಲ. ಗೋಂದು ಹೆಚ್ಚಾದರೆ ಮಣ್ಣಿಗೆ ಹೊಳಪು ಬಂದು ಗೆರೆ ಜಾರುತ್ತದೆ.

ಬಿಳಿಗೆ ಅಕ್ಕಿ. ಒಂದು ಹಿಡಿ ಅಕ್ಕಿ ಒಂದು ಹಲಗೆಗೆ ಧಾರಾಳ. ರಾತ್ರಿ ನೆನೆಸಿ ಬೆಳಿಗ್ಗೆ ಒರಳಿನಲ್ಲಿ ಬೆರಳಿಗೆ ತರಿ ಸಿಗದ ಹಾಗೆ ರುಬ್ಬಿ, ಮಲ್ ಬಟ್ಟೆಯಲ್ಲಿ ಸೋಸಬೇಕು. ತರಿ ಉಳಿದರೆ ಕುಂಚದ ನಾರಿನ ತುದಿಯಲ್ಲಿ ಸಿಕ್ಕಿಕೊಂಡು ಗೆರೆ ಮಧ್ಯದಲ್ಲೇ ಕಡಿಯುತ್ತದೆ. ಹದ ಎಷ್ಟಿರಬೇಕೆಂದರೆ, ಕಡ್ಡಿ ಅದ್ದಿ ಎತ್ತಿದಾಗ ಒಂದು ಹನಿ ಬಿದ್ದು ಎರಡನೆಯದು ತುದಿಯಲ್ಲೇ ನಿಲ್ಲಬೇಕು. ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ಅದು ಹುಳಿಯುತ್ತದೆ, ವಾಸನೆ ಬರುತ್ತದೆ, ಒಣಗಿದ ಮೇಲೆ ಹಿಟ್ಟಿನ ಹಾಗೆ ಉದುರುತ್ತದೆ.

ಹೊಸಬರೆಲ್ಲ ಎಡವುವುದು ಈ ಬಿಳಿಯಲ್ಲೇ. ಕೆಮ್ಮಣ್ಣಿನ ಮೇಲೆ ಎಳೆದ ಗೆರೆ ಹಸಿಯಾಗಿದ್ದಾಗ ಕಾಣುವುದೇ ಇಲ್ಲ. ಒದ್ದೆ ಗುರುತು ಅಷ್ಟೆ, ಕೆಂಪು ಒಂಚೂರು ಗಾಢವಾದಂತೆ ಕಾಣುತ್ತದೆ. ಬಣ್ಣ ಹತ್ತಲಿಲ್ಲವೆಂದು ಮತ್ತೆ ಅದರ ಮೇಲೆಯೇ ಎಳೆಯುತ್ತಾರೆ, ಆಗಲೂ ಕಾಣದೆ ಮೂರನೆಯ ಸಲ ಎಳೆಯುತ್ತಾರೆ. ಐದು ನಿಮಿಷ ಬಿಟ್ಟರೆ ಅಂಚಿನಿಂದ ಬಿಳಿ ಮೇಲೇಳುತ್ತಾ ಬರುತ್ತದೆ, ಪೂರ್ತಿ ಒಣಗಿದಾಗ ಅಚ್ಚ ಬೆಳ್ಳಗೆ ನಿಲ್ಲುತ್ತದೆ. ಮೂರು ಸಲ ಎಳೆದದ್ದು ಉಬ್ಬಿ ನಿಂತು, ಕೆಲವೇ ದಿನದಲ್ಲಿ ಸಿಪ್ಪೆಯಾಗಿ ಬೀಳುತ್ತದೆ. "ತಡಿ ಮಗಾ, ಒಣಗ್ಲಿ, ತಾನೇ ಬೆಳ್ಳಗಾಗ್ತದೆ" ಎಂಬುದು ಆ ಜಗಲಿಯಲ್ಲಿ ಅತಿ ಹೆಚ್ಚು ಕೇಳಿಬರುತ್ತಿದ್ದ ಮಾತು. ಎಳೆದ ಗೆರೆ ಕಣ್ಣಿಗೆ ಕಾಣದಿದ್ದರೂ ಕೈಯನ್ನು ನಂಬಿ ಮುಂದಿನ ಗೆರೆಗೆ ಹೋಗಬೇಕು. ಶ್ರದ್ಧೆ ಎಂದರೆ ಏನೆಂದು ನಮಗೆ ಬೇರೆ ಯಾವ ಪಾಠವೂ ಇಷ್ಟು ಚೆನ್ನಾಗಿ ತಿಳಿಸಲಿಲ್ಲ.

ಕಪ್ಪಿಗೂ ಅಕ್ಕಿಯೇ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿಯುತ್ತಾ ಹೋಗಬೇಕು. ಕಂದಾಗುತ್ತದೆ, ಹೊಗೆ ಬರುತ್ತದೆ, ಆಮೇಲೆ ಕಾಳು ಒಡೆದು ನೋಡಿದರೆ ಒಳಗೂ ಕಪ್ಪಗಿರಬೇಕು. ಬೇಗ ಇಳಿಸಿದರೆ ಗೋಡೆಯ ಮೇಲೆ ಕಾಫಿ ಬಣ್ಣ ಬರುತ್ತದೆ, ಉರಿ ಜಾಸ್ತಿಯಾಗಿ ಬೂದಿಯಾದರೆ ಹಿಡಿಯುವುದೇ ಇಲ್ಲ. ಆರಿದ ಮೇಲೆ ಪುಡಿ ಮಾಡಿ ನೀರಿನಲ್ಲಿ ಅರೆಯುವುದು.

ಹಳದಿ ಗುರಿಗೆ ಕಾಯಿಯ ಬೀಜದಿಂದ. ಅದನ್ನು ನೀರಿನಲ್ಲಿ ನೆನೆಸಿ ಬಣ್ಣ ಬಿಡಿಸುತ್ತಾರೆ. ಕಾಡು ಕಡಿಮೆಯಾದ ಹಾಗೆ ಗುರಿಗೆ ಸಿಗುವುದು ಕಷ್ಟವಾಗಿದೆ. ಅದರ ಬದಲು ಅರಿಶಿನ ಹಚ್ಚುವವರಿದ್ದಾರೆ. ಅವರಿಗೆ ಒಂದು ಮಾತು: ಸುಣ್ಣ ಬಳಿದ ಗೋಡೆಯ ಮೇಲೆ ಅರಿಶಿನ ಹಚ್ಚಿದರೆ ಕೆಂಪಗಾಗುತ್ತದೆ, ಓಕುಳಿಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಸುಣ್ಣ ಇಲ್ಲದ ಕಡೆಯೂ ಬಿಸಿಲು ತಾಗುವ ಜಾಗದಲ್ಲಿ ಬೇಗ ಮಾಸುತ್ತದೆ. ನೆರಳಿನ ಒಳಗೋಡೆಗಾದರೆ ಅಡ್ಡಿಯಿಲ್ಲ.

ಕುಂಚ ಪುಂಡಿ ನಾರಿನದು. ಬೆರಳುದ್ದದ ನಾರಿನ ಸಣ್ಣ ಗೊಂಚಲನ್ನು ತೆಳು ಕಡ್ಡಿಗೆ ದಾರದಿಂದ ಬಿಗಿದು ಕಟ್ಟಿ, ತುದಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಬಳಸಬೇಕು. ಅಂಗಡಿಯ ಬ್ರಷ್‌ನ ಕೂದಲು ಬಾಗುತ್ತದೆ, ಅದಕ್ಕೇ ಒತ್ತಡ ಹೆಚ್ಚಾದಲ್ಲಿ ಗೆರೆ ಅಗಲವಾಗುತ್ತದೆ. ನಾರು ಹಾಗೆ ಬಾಗುವುದಿಲ್ಲ. ಅದು ಒಂದೇ ಅಗಲದ ಗೆರೆ ಕೊಡುತ್ತದೆ, ಚಿತ್ತಾರಕ್ಕೆ ಬೇಕಾದದ್ದೂ ಅದೇ.

ಇನ್ನು ಬರೆಯುವುದು. ಮುಂಗೈ ಆಡಿಸಬಾರದು, ಇಡೀ ತೋಳು ಜಾರಬೇಕು. ಕುಂಚವನ್ನು ಅದ್ದಿ ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ, ಉಸಿರು ಬಿಡುತ್ತಾ ಒಂದೇ ಎಳೆತಕ್ಕೆ ಎಳೆಯುವುದು. ಉಸಿರು ಹಿಡಿದು ಎಳೆದರೆ ಗೆರೆ ನಡುಗುತ್ತದೆ. ಯಾರು ಬೇಕಾದರೂ ಎರಡನ್ನೂ ಮಾಡಿ ಹೋಲಿಸಬಹುದು. ಅಜ್ಜಿ ಬರೆಯುವಾಗ ಸಣ್ಣಗೆ ಹಾಡು ಹೇಳಿಕೊಳ್ಳುತ್ತಿದ್ದರು. ಮದುವೆ ಮನೆಗಳಲ್ಲಿ ನಾಲ್ಕು ಹೆಂಗಸರು ಸೇರಿ ಬರೆಯುವಾಗ ಹಾಡು ಇದ್ದೇ ಇರುತ್ತದೆ. ಹಾಡಿನ ಸಾಲು ಮುಗಿಯುವುದು ಉಸಿರು ಮುಗಿಯುವಲ್ಲಿ, ಗೆರೆಯೂ ಅಲ್ಲಿಗೇ ಮುಗಿಯುತ್ತದೆ. ಹಾಡು ಬರೀ ಬೇಸರ ಕಳೆಯಲು ಅಲ್ಲ ಎಂದು ಕುಂಚ ಹಿಡಿದವರಿಗೆ ತಿಳಿಯುತ್ತದೆ.

ಮೊದಲು ಹೊರ ಚೌಕಟ್ಟು. ಅಂಚಿನಿಂದ ನಾಲ್ಕು ಬೆರಳು ಬಿಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕರ್ಣಗಳೂ ಸಮ ಇವೆಯೇ ನೋಡಬೇಕು. ಇಲ್ಲಿ ಒಂದು ಬೆರಳು ಓರೆಯಾದರೆ ಒಳಗಿನ ಚೌಕಟ್ಟುಗಳಿಗೆ ಹೋಗುವಷ್ಟರಲ್ಲಿ ಕಣ್ಣಿಗೆ ರಾಚುತ್ತದೆ. ಆಮೇಲೆ ಎಳೆಗಳು, ಅಂದರೆ ಚೌಕಟ್ಟಿನ ಸಮಾನಾಂತರ ಗೆರೆಗಳು. ಅವುಗಳ ನಡುವೆ ಓರೆಗೆರೆಗಳು ಒಂದನ್ನೊಂದು ಹಾಯುವ ಪಟ್ಟಿ. ಈ ಪಟ್ಟಿಯನ್ನು ಒಂದು ತುದಿಯಿಂದ ಶುರು ಮಾಡಿದವರಿಗೆ ಇನ್ನೊಂದು ತುದಿಯಲ್ಲಿ ಗೆರೆಗಳ ನಡುವಿನ ಅರ್ಧ ಮನೆ ಉಳಿದು ಮಾದರಿ ಕೂಡುವುದಿಲ್ಲ. ನಟ್ಟನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಸರಿಯುತ್ತಾ ಹೋಗಬೇಕು. ಹೆಚ್ಚುಕಮ್ಮಿಯಾದದ್ದು ಎರಡು ಮೂಲೆಗೂ ಸಮನಾಗಿ ಹಂಚಿಹೋಗುತ್ತದೆ, ಮೂಲೆಗೆ ಸಣ್ಣದೊಂದು ಚೌಕ ಬರೆದರೆ ಅದರಲ್ಲಿ ಅಡಗುತ್ತದೆ. ನಿಲಿ, ಸುಳಿನಿಲಿ, ಜೋಗಿಜಡೆ, ಬಾಸಿಂಗ ಎಂದು ಒಂದೊಂದು ಮಾದರಿಗೂ ಹೆಸರಿದೆ. ತೇರಿನ ಚಿತ್ತಾರವನ್ನು ಹೊಸಬರು ಮುಟ್ಟದಿರುವುದೇ ಒಳ್ಳೆಯದು. ಅಲ್ಲಿ ಮಾದರಿಯೊಳಗೆ ಮಾದರಿ ಕೂರುತ್ತದೆ, ಅಳತೆ ಪೂರ್ತಿ ಕೈಗೆ ಬಂದಿರಬೇಕು.

ಚೌಕಟ್ಟು ಇಷ್ಟು ಬಿಗಿಯಾಗಿದ್ದರೆ ಬರೆಯುವವಳ ಸ್ವಂತದ್ದು ಏನು ಉಳಿಯಿತು ಎಂದು ಕೇಳಬಹುದು. ಅಕ್ಕಪಕ್ಕದ ಎರಡು ಮನೆಯ ಬುಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಳೆಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾಳೆ, ಕಪ್ಪನ್ನು ಎಲ್ಲಿ ಇಟ್ಟಿದ್ದಾಳೆ, ಭತ್ತದ ಸಸಿಗೆ ಎಷ್ಟು ಗರಿ, ಖಾಲಿ ಎಲ್ಲಿ ಉಳಿಸಿದ್ದಾಳೆ, ಇಷ್ಟರಿಂದಲೇ ಇದು ಯಾರ ಕೈ ಎಂದು ಊರಿನ ಹೆಂಗಸರು ಹೇಳಿಬಿಡುತ್ತಾರೆ. ಕಾಗದದ ಮೇಲೆ ಹೆಸರು ಬರೆಯಲು ಬಾರದ ಎಷ್ಟೋ ಚಿತ್ತಾರಗಿತ್ತಿಯರಿಗೆ ಇದೇ ರುಜು. ಮದುವೆ ಮನೆಗಳಿಂದ ಕರೆ ಬಂದು, ವೀಳ್ಯ ಕೊಟ್ಟು ಕರೆದೊಯ್ಯುವಷ್ಟು ಮರ್ಯಾದೆ ಆ ರುಜುವಿಗಿತ್ತು. ನಮ್ಮ ತರಗತಿಯಲ್ಲೂ ಅದನ್ನು ಕಂಡಿದ್ದೇವೆ. ಗಣಿತದ ಪೀರಿಯಡ್‌ನಲ್ಲಿ ಬಾಯಿ ಬಿಡದ ಹುಡುಗಿಯರು ಇಲ್ಲಿ ಪಕ್ಕದವರ ಕರ್ಣ ಅಳೆದು "ಓರೆ ಆಗಿದೆ, ಅಳಿಸು" ಎಂದು ಹೇಳುತ್ತಿದ್ದರು. ಆ ಹುಡುಗಿಯರಿಗೆ ಧೈರ್ಯದ ಬಗ್ಗೆ ಯಾರೂ ಭಾಷಣ ಮಾಡಿರಲಿಲ್ಲ.

ಭೂಮಿ ಹುಣ್ಣಿಮೆ ಬರುವುದು ವಿಜಯದಶಮಿಯಾದ ಐದನೆಯ ದಿನ. ಗದ್ದೆಯಲ್ಲಿ ಭತ್ತ ಹೊಡೆ ತುಂಬುವ ಕಾಲ. ಭೂಮಿತಾಯಿ ಬಸುರಿ, ಇದು ಅವಳ ಸೀಮಂತ. ಬಿದಿರಿನ ಬುಟ್ಟಿಗೆ ಸಗಣಿ ಹಚ್ಚಿ ಹೆಣಿಗೆಯ ಸಂದು ಮುಚ್ಚಿ, ಕೆಮ್ಮಣ್ಣು ಬಳಿದು, ಈ ಕೆಲವು ದಿನಗಳಲ್ಲಿ ಬರೆದು ಮುಗಿಸಬೇಕು. ಎರಡು ಬುಟ್ಟಿ: ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಹಚ್ಚಂಬಲಿ ಬುಟ್ಟಿ. ಬುಟ್ಟಿ ದುಂಡಗಿರುವುದರಿಂದ ಇಲ್ಲಿ ಚೌಕಟ್ಟಿನ ಲೆಕ್ಕ ನಡೆಯುವುದಿಲ್ಲ. ಬಾಯಿಯ ಸುತ್ತಳತೆಗೆ ದಾರ ಸುತ್ತಿ, ಆ ದಾರವನ್ನು ನಾಲ್ಕಾಗಿ ಮಡಿಸಿ ಗುರುತು ಹಾಕಿ, ಗುರುತಿನಿಂದ ಕೆಳಗೆ ಗೆರೆ ಇಳಿಸಬೇಕು. ತಳ ಕಿರಿದಾದ್ದರಿಂದ ಕೆಳಗೆ ಬಂದ ಹಾಗೆ ಮನೆಗಳೂ ಕಿರಿದಾಗುತ್ತವೆ. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ, ಬೆಳಗಿನ ಜಾವ ಗದ್ದೆಗೆ. ಸೊಪ್ಪುಗಳನ್ನು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಕೂಗು ಹಾಕುತ್ತಾ ಪೈರಿನ ಮೇಲೆ ಬೀರುತ್ತಾರೆ. ಕೂಗಿನ ಪದ ಊರಿಂದ ಊರಿಗೆ ಬದಲಾಗುತ್ತದೆ.

ಈ ಪೂಜೆಗೆ ಇನ್ನೊಂದು ಅರ್ಥವೂ ಇದೆ, ಅದನ್ನು ಶಾಲೆಯಲ್ಲಿ ಹೇಳಿಕೊಟ್ಟದ್ದು ಇತಿಹಾಸದ ಮೇಷ್ಟ್ರು. ಹೀಗೆ ಸೀಮಂತ ಮಾಡುತ್ತಿದ್ದ ಬಹುಪಾಲು ಮನೆಗಳಿಗೆ ಆ ಗದ್ದೆ ಸ್ವಂತದ್ದಾಗಿರಲಿಲ್ಲ. ಗೇಣಿ ಅಳೆಯುವ ಕೊಳಗದ ಅಳತೆಯ ಬಗ್ಗೆ ಎದ್ದ ಜಗಳವೇ 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಹೊಲ ಸಿಗುವಂಥ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಅಷ್ಟು ಕಾಲವೂ, ಪತ್ರದಲ್ಲಿ ಬೇರೆಯವರ ಹೆಸರಿದ್ದ ಭೂಮಿಯನ್ನು ಈ ಹೆಂಗಸರು ಬುಟ್ಟಿಯ ಮೇಲೆ ಬರೆದು ತಮ್ಮ ತಾಯಿ ಎಂದೇ ಕರೆದರು. ನನ್ನ ಮಟ್ಟಿಗೆ ಈ ಕಲೆಯ ಶಕ್ತಿ ಇರುವುದು ಅಲ್ಲಿ. ಮದುವೆ ಕಾರ್ಡಿನ ಅಂಚಿಗೆ, ಹೋಟೆಲ್ ಗೋಡೆಗೆ ಅಲಂಕಾರವಾಗಿ ಮಾತ್ರ ಅದನ್ನು ನೋಡುವವರಿಗೆ ಈ ಭಾಗವನ್ನು ಹೇಳದೆ ಬಿಡಬಾರದು.

ಈಗಿನ ಶಿಕ್ಷಕರು ತರಗತಿಯನ್ನು ಮತ್ತೆ ಶುರು ಮಾಡುವ ಯೋಚನೆಯಲ್ಲಿದ್ದಾರೆಂದು ಕೇಳಿ ಸಂತೋಷವಾಯಿತು. ಅಕ್ರಿಲಿಕ್ ಬಣ್ಣದಿಂದ ಶುರು ಮಾಡಬೇಡಿ ಎಂದು ವಿನಂತಿ. ಕಾಗದ, ಬಟ್ಟೆಯ ಮೇಲೆ ಬರೆದು ಮಾರುವವರಿಗೆ ಅದು ಬೇಕಾಗಬಹುದು, ಆ ದುಡಿಮೆಗೆ ನನ್ನ ಆಕ್ಷೇಪಣೆಯಿಲ್ಲ. ಕಲಿಯುವ ಮಕ್ಕಳಿಗೆ ಮಾತ್ರ ಅದು ಬೇಡ. ಹಾಕಿದ ತಕ್ಷಣ ಬೆಳ್ಳಗೆ ಕಾಣುವ ಬಣ್ಣದಲ್ಲಿ ಕಾಯುವುದನ್ನು ಕಲಿಯಲು ಆಗುವುದಿಲ್ಲ. ಅಕ್ಕಿಯ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣ್ಣು ಸವರಿ, ಅದೇ ಹಲಗೆಯ ಮೇಲೆ ಎಷ್ಟು ಸಲವಾದರೂ ಬರೆಯಬಹುದು. ಬುಟ್ಟಿಯನ್ನೂ ವರ್ಷವರ್ಷ ಸಾರಿಸಿ ಹೊಸದಾಗಿಯೇ ಬರೆಯುವುದು ವಾಡಿಕೆ. ಬರೆದ ಹಲಗೆಗಳನ್ನು ಗೋಡೆಗೆ ಒರಗಿಸಿಡದೆ, ಗಾಳಿಯಾಡುವ ಹಾಗೆ ತೂಗುಹಾಕಿ. ಅಕ್ಕಿಯ ವಾಸನೆಗೆ ಇರುವೆ, ಜಿರಳೆ ಬಂದು ರಾತ್ರೋರಾತ್ರಿ ಗೆರೆ ತಿಂದುಹಾಕುತ್ತವೆ.

ನಾರಿಗೆ ಈಗಲೇ ಏರ್ಪಾಡು ಮಾಡಿಕೊಳ್ಳಬೇಕು. ಮುಂಗಾರು ಹಿಡಿದಾಗ ಶಾಲೆಯ ಹಿತ್ತಲಿನಲ್ಲಿ ಒಂದು ಸಾಲು ಪುಂಡಿ ಬಿತ್ತಿದರೆ ಸಾಕು. ಹೂ ಬಿಡಲು ಶುರುವಾದಾಗ ಕಡಿಯಬೇಕು. ಬೀಜ ಕಟ್ಟುವವರೆಗೆ ಬಿಟ್ಟರೆ ನಾರು ಒರಟಾಗುತ್ತದೆ. ಬೀಜಕ್ಕೆಂದು ನಾಲ್ಕು ಗಿಡ ಬೇರೆ ಉಳಿಸಿಕೊಳ್ಳಿ. ಕಡಿದ ಕಾಂಡವನ್ನು ನಿಂತ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ, ತೊಗಟೆ ಸಲೀಸಾಗಿ ಬಿಚ್ಚುವವರೆಗೆ ಒಂದೆರಡು ವಾರ ಕೊಳೆಯಲು ಬಿಟ್ಟು, ಹರಿಯುವ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಹೂ ಬರುವ ಹೊತ್ತಿಗೆ ಹುಣ್ಣಿಮೆ ಬಂದುಬಿಟ್ಟಿರುತ್ತದೆ, ಆದ್ದರಿಂದ ಈ ವರ್ಷ ಬಿತ್ತಿದ ಪುಂಡಿಯ ಕುಂಚ ಮುಂದಿನ ವರ್ಷದ ಮಕ್ಕಳಿಗೆ. ಈ ವರ್ಷದ ಮಟ್ಟಿಗೆ ಊರಿನ ಚಿತ್ತಾರಗಿತ್ತಿಯರ ಮನೆಯಲ್ಲಿ ಕೇಳಿದರೆ ಒಂದು ಹಿಡಿ ನಾರು ಕೊಟ್ಟಾರು. ಹೋಗುವಾಗ ಅವರನ್ನೇ ಕಲಿಸಲು ಕರೆದುಬನ್ನಿ. ದಿನಗೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿಯನ್ನು ಶಾಲೆ ಕೊಡಲೇಬೇಕು. ಅದಕ್ಕೆ ಬೇಕಾದ ಹಣವನ್ನು ಹಳೆಯ ವಿದ್ಯಾರ್ಥಿಗಳು ಸೇರಿ ಹೊಂದಿಸುತ್ತೇವೆ.