ಬ್ರಿಟನ್ನಿನ ದೊರೆಗಿಲ್ಲದ ಸ್ವಾತಂತ್ರ್ಯ

2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ಕರ್ನಾಟಕದ ಅಳಿಯನೆಂಬ ಹೆಮ್ಮೆಯಿಂದ ಊರಿನವರೆಲ್ಲ ಲಂಡನ್ನಿನಲ್ಲಿರುವ ನನಗೆ ಫೋನು ಮಾಡಿದರು. ಹಿಂದೂವೊಬ್ಬರು ಆ ಹುದ್ದೆಗೇರಲು ಇಲ್ಲಿ ಕಾನೂನಿನ ಅಡ್ಡಿಯಿಲ್ಲ. ಇದೇ ದೇಶದ ಅರಸನಿಗೆ ಮಾತ್ರ ತನ್ನ ಧರ್ಮವನ್ನು ತಾನು ಆರಿಸಿಕೊಳ್ಳುವ ಹಕ್ಕಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್ 1688ರಲ್ಲಿ ದೇಶ ಬಿಟ್ಟು ಓಡಿದ. ಅಂಥವರು ಮತ್ತೆ ಪಟ್ಟವೇರಬಾರದೆಂದು ಪಾರ್ಲಿಮೆಂಟು 1689ರಲ್ಲೂ 1701ರಲ್ಲೂ ಕಾನೂನು ಬಿಗಿಮಾಡಿತು. ಕ್ಯಾಥೊಲಿಕರು ಸಿಂಹಾಸನಕ್ಕೆ ಅನರ್ಹರು. ಆಗ ಅವರನ್ನು ಮದುವೆಯಾದವರೂ ಅನರ್ಹರಾದರು. ದೊರೆಯಾದವರು ಇಂಗ್ಲೆಂಡಿನ ಚರ್ಚಿನ, ಅಂದರೆ ಅಲ್ಲಿನ ಅಧಿಕೃತ ಪ್ರಾಟೆಸ್ಟಂಟ್ ಚರ್ಚಿನ, ಧಾರ್ಮಿಕ ಸಹಭಾಗಿತ್ವದಲ್ಲಿ ಇರಲೇಬೇಕು. ಕೆಂಟಿನ ರಾಜಕುಮಾರ ಮೈಕೆಲ್ 1978ರಲ್ಲಿ ಕ್ಯಾಥೊಲಿಕ್ ಮಹಿಳೆಯ ಕೈಹಿಡಿದು ಉತ್ತರಾಧಿಕಾರದ ಸಾಲಿನಿಂದ ಹೊರಬಿದ್ದರು. 2013ರ ಕಾಯಿದೆ 2015ರಲ್ಲಿ ಜಾರಿಯಾದಾಗ ಮದುವೆಯ ನಿರ್ಬಂಧ ಹೋಯಿತು, ಅವರ ಸ್ಥಾನವೂ ಮರಳಿತು. ದೊರೆಯ ಧರ್ಮದ ಕಟ್ಟಳೆ ಮಾತ್ರ ಅಲುಗಲಿಲ್ಲ.

ಇಲ್ಲಿನ ನಾಣ್ಯದಲ್ಲಿ ಚಾರ್ಲ್ಸ್ ಮುಖದ ಸುತ್ತ ಇರುವ ಅಕ್ಷರಗಳ ಕೊನೆಗೆ 'ಎಫ್ ಡಿ' ಎಂದಿದೆ. ಧರ್ಮರಕ್ಷಕ ಎಂಬ ಲ್ಯಾಟಿನ್ ಬಿರುದು ಅದು. 1521ರಲ್ಲಿ ಅದನ್ನು ಎಂಟನೇ ಹೆನ್ರಿಗೆ ಕೊಟ್ಟವರು ಪೋಪ್. ಮುಂದೆ ಅದೇ ಹೆನ್ರಿ ಪೋಪ್ ಸಂಬಂಧ ಕಡಿದುಕೊಂಡು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ.

2023ರ ಮೇ 6ರಂದು ಪಟ್ಟಾಭಿಷೇಕವನ್ನು ಟಿವಿಯಲ್ಲಿ ಪೂರ್ತಿ ನೋಡಿದೆ. ತಾನು ನಿಷ್ಠಾವಂತ ಪ್ರಾಟೆಸ್ಟಂಟ್ ಎಂದು ಚಾರ್ಲ್ಸ್ ಘೋಷಿಸಿದರು. ಸುನಕ್ ಬೈಬಲಿನ ಭಾಗವೊಂದನ್ನು ಓದಿದರು. ಹಿಂದೂ ಸಮುದಾಯದ ಲಾರ್ಡ್ ಪಟೇಲ್ ಉಂಗುರವನ್ನೂ ಸಿಖ್ಖರಾದ ಲಾರ್ಡ್ ಸಿಂಗ್ ಕೈಗವಸನ್ನೂ ದೊರೆಗೆ ಅರ್ಪಿಸಿದರು. ಕಣ್ಣು ತುಂಬಿ ಬಂತು. ಎಲ್ಲ ಧರ್ಮದವರನ್ನೂ ಹತ್ತಿರ ಕರೆದ ಆ ಮನುಷ್ಯನಿಗೆ ಮನಸ್ಸಾಕ್ಷಿಯ ಬಾಗಿಲನ್ನು ಮೂರು ಶತಮಾನಗಳ ಹಿಂದಿನ ಭಯವೊಂದು ಈಗಲೂ ಮುಚ್ಚಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಆ ಭಯದ ಗುರುತು ಬೇರೆ ಕಡೆಯೂ ಉಳಿದಿದೆ. ಇಂಗ್ಲೆಂಡಿನ ಬಿಷಪ್‌ಗಳನ್ನು ದೊರೆ ನೇಮಿಸುವುದು ಪ್ರಧಾನಿಯ ಸಲಹೆಯಂತೆ. ಆ ಸಲಹೆಯನ್ನು ಕ್ಯಾಥೊಲಿಕರು ಕೊಡಬಾರದೆಂದು 1829ರ ಕಾಯಿದೆ ಹೇಳುತ್ತದೆ. ಹಿಂದೂಗಳ ಬಗ್ಗೆ ಅಂಥ ಮಾತಿಲ್ಲ!

ಪಕ್ಕದ ವೇಲ್ಸ್‌ನಲ್ಲಿ 1920ರಲ್ಲೇ ಚರ್ಚು ಪ್ರಭುತ್ವದಿಂದ ಬೇರ್ಪಟ್ಟಿತು. ಅಲ್ಲಿನ ಚರ್ಚು ತನ್ನ ಬಿಷಪ್‌ಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಇಂಗ್ಲೆಂಡೂ ಆ ದಾರಿ ಹಿಡಿದು ದೊರೆಯನ್ನು ಚರ್ಚಿನ ಮುಖ್ಯಸ್ಥನ ಸ್ಥಾನದಿಂದ ಬಿಡಿಸಿದರೆ ದೊರೆಯ ಮೇಲೆ ಈ ಷರತ್ತು ಹೇರಲು ಯಾವ ಕಾರಣವೂ ಉಳಿಯುವುದಿಲ್ಲ.