ಹ್ಯಾಮೆಟ್ ಅನುವಾದ: ಆರನೇ ವಾರ, ಇನ್ನೂ ಎರಡನೇ ಅಧ್ಯಾಯ

ಈ ವಾರದ ಲೆಕ್ಕ ಒಂದೂವರೆ ಪುಟ. ನಾಚಿಕೆ ಆಗಬೇಕಿತ್ತು, ಆಗ್ತಿಲ್ಲ.

ಅಮೆರಿಕದ ಲೇಖಕ ಡ್ಯಾಶಿಯಲ್ ಹ್ಯಾಮೆಟ್‌ನ ಪತ್ತೇದಾರಿ ಕಾದಂಬರಿ 'ದಿ ಮಾಲ್ಟೀಸ್ ಫಾಲ್ಕನ್' (1930) ಕನ್ನಡಕ್ಕೆ ತರುತ್ತಿದ್ದೇನೆ, ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಗಂಟೆ. ಅವನು ತೀರಿಕೊಂಡಿದ್ದು 1961ರಲ್ಲಿ. ನಮ್ಮ ದೇಶದಲ್ಲಿ ಲೇಖಕ ಸತ್ತು 60 ವರ್ಷ ದಾಟಿದರೆ ಸಾಕು, ಹಾಗಾಗಿ ಹಕ್ಕಿನ ತಕರಾರಿಲ್ಲ.

ಸಿಕ್ಕಿಹಾಕಿಕೊಂಡಿದ್ದು ಎಲ್ಲಿ ಅಂದರೆ, ನಡುರಾತ್ರಿ ಫೋನ್ ಬರುವಲ್ಲಿ. ಪತ್ತೇದಾರ ಸ್ಯಾಮ್ ಸ್ಪೇಡ್‌ನ ಪಾಲುದಾರ ಆರ್ಚರ್ ಕೊಲೆಯಾಗಿದ್ದಾನೆ. ಸ್ಪೇಡ್ ನಾಲ್ಕು ಮಾತಾಡಿ ಫೋನ್ ಇಡುತ್ತಾನೆ. ಹಾಸಿಗೆಯ ಅಂಚಿನಲ್ಲಿ ಕೂತು, ಫೋನನ್ನೇ ದುರುಗುಟ್ಟಿ ನೋಡುತ್ತಾ ಸಿಗರೇಟು ಸುತ್ತುತ್ತಾನೆ. ಅಷ್ಟೇ. ದುಃಖವೋ ಸಿಟ್ಟೋ, ಹ್ಯಾಮೆಟ್ ಬಾಯಿ ಬಿಡುವುದಿಲ್ಲ. ನಾನು ಮೊದಲ ಸಲ 'ಸ್ಪೇಡ್‌ಗೆ ದಿಕ್ಕೇ ತೋಚಲಿಲ್ಲ' ಅಂತ ಬರೆದುಬಿಟ್ಟಿದ್ದೆ. ಹೊಡೆದು ಹಾಕಿದೆ. ಇಡೀ ಪುಸ್ತಕದಲ್ಲಿ ಹ್ಯಾಮೆಟ್ ಯಾರ ತಲೆಯೊಳಗೂ ಇಣುಕುವುದಿಲ್ಲ. ಇದು ಅವನ ಹಳೇ ಕೆಲಸದ ಅಭ್ಯಾಸ ಅಂತ ನನ್ನ ಗುಮಾನಿ. 1915ರಲ್ಲಿ ಬಾಲ್ಟಿಮೋರ್‌ನಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆ ಸೇರಿದವನು. ಹಿಂಬಾಲಿಸಿದ ಮನುಷ್ಯ ಎಲ್ಲಿ ಹೋದ, ಏನು ಮಾಡಿದ ಅಂತ ವರದಿ ಬರೆಯಬೇಕು. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳಲ್ಲ, ಅಲ್ವಾ? ಕ್ಷಯ ಹಿಡಿದು ಆ ಕೆಲಸ ಬಿಟ್ಟ ಮೇಲೇ ಕತೆ ಬರೆಯಲು ಕೂತಿದ್ದು. ಮಾತು ನುಂಗಿಕೊಳ್ಳುವುದು ಬದುಕಿನಲ್ಲೂ ಇತ್ತು: 1951ರಲ್ಲಿ, ಬಂಧಿತರನ್ನು ಬಿಡಿಸುವ ಜಾಮೀನು ನಿಧಿಗೆ ದುಡ್ಡು ಕೊಟ್ಟವರ ಹೆಸರು ಕೋರ್ಟಿಗೆ ಹೇಳದೆ ಜೈಲಿಗೆ ಹೋದ.

ಮತ್ತೆ ಸಿಗರೇಟಿಗೆ ಬರೋಣ. ಕಂದು ಕಾಗದ ಮಡಿಸಿ, ಹೊಗೆಸೊಪ್ಪಿನ ಪುಡಿ ಉದುರಿಸಿ, ಹೆಬ್ಬೆರಳಲ್ಲಿ ಉರುಳಿಸಿ, ಅಂಚಿಗೆ ನಾಲಗೆ ತಾಗಿಸಿ ಅಂಟಿಸುವುದು. ನಮ್ಮ ಕಡೆ ಬೀಡಿ 'ಕಟ್ಟುತ್ತಾರೆ', ಅದಕ್ಕೆ ನೂಲಿದೆ. ಇಲ್ಲಿ ನೂಲಿಲ್ಲ, ಹಾಗಾಗಿ 'ಸುತ್ತಿದ'. ಪುಡಿ ಇಡುವ ಬಟ್ಟೆ ಚೀಲಕ್ಕೆ 'ಸಂಚಿ' ಅಂದರೆ ಅಳತೆಗೆ ಸರಿ. ಆದರೆ ಎಲೆಯಡಿಕೆ ಹಾಕುವ ಅಜ್ಜಿ ಬಂದು ಸ್ಪೇಡ್ ಪಕ್ಕ ಕೂತುಬಿಡುತ್ತಾಳೆ! ಇರಲಿ, ಸಂಚಿಯೇ ಇರಲಿ.

ದೊಡ್ಡ ತಲೆನೋವು 'ನೀನು', 'ನೀವು'. ಆಫೀಸಿನ ಎಫಿ ಅವನನ್ನು ಸ್ಯಾಮ್ ಅಂತಾನೇ ಕರೆಯುತ್ತಾಳೆ, ಇಬ್ಬರಿಗೂ 'ನೀನು' ಸಾಕು. ಬ್ರಿಜಿಡ್ ಮಾತ್ರ ಕಷ್ಟ. ಸುಳ್ಳು ಹೆಸರು ಹೇಳಿಕೊಂಡು ಗಿರಾಕಿಯಾಗಿ ಬಂದವಳು, ಆಮೇಲೆ ಪ್ರೇಯಸಿ, ಕೊನೆಗೆ ಅವನೇ ಪೊಲೀಸರಿಗೆ ಒಪ್ಪಿಸುತ್ತಾನೆ. 'ನೀವು' ಯಾವ ಸಾಲಿನಲ್ಲಿ 'ನೀನು' ಆಗಬೇಕು? ಇಂಗ್ಲಿಷಿನವನಿಗೆ ಈ ಚಿಂತೆಯೇ ಇಲ್ಲ, ನೋಡಿ. ಸದ್ಯಕ್ಕೆ ಎಲ್ಲ ಕಡೆ ಪೆನ್ಸಿಲ್‌ನಲ್ಲಿ 'ನೀವು' ಅಂತ ಬರೆದಿಟ್ಟಿದ್ದೇನೆ.